ಚೀಟಿ ಮುಟ್ಟಬಾರದವಳು

ಪ್ರೀತಿಯ ತರಲೆಗೆ,

ಜಾಲತಾಣಕ್ಕೆ ನೀನು ಮಾಡಿದ ಹೊಸ ಮೆನುವಿಗೆ ಒಪ್ಪಿಗೆ ಕೊಡುವುದನ್ನು ನಾನು ಬೇಕೆಂದೇ ತಡಮಾಡುತ್ತಿದ್ದೇನೆ ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ನಿಜ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಿನ್ನ ನಗು ಕೇಳಿ ನಾನೂ ನಕ್ಕು ಮಾತು ಮರೆಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಸಣ್ಣ ಗ್ರಂಥಾಲಯಗಳಿಗಾಗಿ ನಾವು ಕೆಲವರು ಸೇರಿ ಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಿಕೊಳ್ಳಲಿ ಎಂದು ಬಿಟ್ಟಿರುವ ಆ ತಂತ್ರಾಂಶದ ಜಾಲತಾಣಕ್ಕೆ ನಿನ್ನನ್ನು ಕರೆತಂದವಳು ನಾನೇ. ಪುಟಗಳಲ್ಲಿನ ತಪ್ಪು ತಿದ್ದಿಕೊಡು ಎಂದಿದ್ದೆ, ಅಷ್ಟೇ. ನೀನು ಪುಟ ಬಿಟ್ಟು ಮೆನುವಿಗೆ ಕೈ ಹಾಕಿದೆ. ಆ ಮೆನು ನನ್ನದು. ತಂತ್ರಾಂಶದ ಒಳಗೆ ಏನು ಹೇಗಿದೆಯೋ ಹಾಗೇ ಅಲ್ಲಿ ಶೀರ್ಷಿಕೆಗಳಿದ್ದವು: ಘಟಕಗಳು, ಸಂರಚನೆ, ದಾಖಲೆಗಳು, ಸಮುದಾಯ. ನನ್ನ ಅನುವಾದಿತ ಕಾದಂಬರಿಗಳ ಕಪಾಟೂ ಹೀಗೆಯೇ ಅಲ್ಲವೇ? ಮೊದಲು ಮೂಲ ಭಾಷೆ, ಅದರೊಳಗೆ ಅನುವಾದಕರು. ಅಲ್ಲಿ ನಿನಗೆ ಒಂದು ಪುಸ್ತಕವೂ ಸಿಕ್ಕಿದ್ದಿಲ್ಲ. "ಅಕ್ಕ, ಆ ನೀಲಿ ರಟ್ಟಿಂದು ಎಲ್ಲಿದೆ?" ಎಂದು ಕೂಗುತ್ತಿದ್ದೆ. ನಾನೇ ಎದ್ದು ಬಂದು ತೆಗೆದುಕೊಡಬೇಕಾಗಿತ್ತು. ನನಗದು ಇಷ್ಟವಿತ್ತು.

ಆ ಭಾನುವಾರ ನೀನು ನಮ್ಮ ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿದೆ. ಜಾಲತಾಣದ ಒಂದೊಂದು ಪುಟದ ಹೆಸರು ಒಂದೊಂದು ಚೀಟಿಯಲ್ಲಿ. ಅಮ್ಮ, ನಿನ್ನ ಭಾವ, ಪಕ್ಕದ ಮನೆಯ ದರ್ಜಿ, ಮೂವರನ್ನೂ ಕೂರಿಸಿ, ಯಾವುದರ ಜೊತೆ ಯಾವುದು ಇರಬೇಕು ಅನಿಸುತ್ತದೋ ಹಾಗೆ ಗುಂಪು ಮಾಡಿ ಎಂದೆ. ನಾನು ಕುರ್ಚಿ ಎಳೆದಾಗ ನೀನು ತಡೆದೆ. "ಅಕ್ಕ, ನೀನು ಬೇಡ. ಮೆನು ಕಟ್ಟಿದೋರು ಚೀಟಿ ಮುಟ್ಟಬಾರದು, ಸುಳಿವೂ ಕೊಡಬಾರದು. ಅದೇ ನಿಯಮ." ನಿಯಮ ನನಗೂ ಗೊತ್ತು. ಆದರೂ ನನ್ನ ಮನೆಯಲ್ಲೇ ನಾನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತೆ.

ಅಮ್ಮ 'ಬ್ಯಾಕಪ್' ಚೀಟಿ ಹಿಡಿದು, "ಇದೇನೇ?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ನೀನು ತುಟಿಗೆ ಬೆರಳಿಟ್ಟು ನನ್ನನ್ನು ನೋಡಿದೆ. "ಎಲ್ಲಾ ಅಳಿಸಿಹೋದ್ರೆ ಇರಲಿ ಅಂತ ಇನ್ನೊಂದು ಪ್ರತಿ ತೆಗೆದಿಡೋದಮ್ಮ" ಎಂದು ನೀನೇ ಹೇಳಿದೆ. "ಹಾಗಿದ್ರೆ ತೊಂದರೆ ಆದಾಗ ತಾನೇ ಹುಡುಕೋದು? ತೊಂದರೆ ಚೀಟಿ ಪಕ್ಕದಲ್ಲೇ ಇಡು" ಅಂದಳು ಅಮ್ಮ. ನಾನದನ್ನು ಹಳೇ ಮೆನುವಿನಲ್ಲಿ ಸಂರಚನೆಯ ಒಳಗಿನ ಒಳಗೆ ಇಟ್ಟಿದ್ದೆ; ಚೀಟಿ ಇಟ್ಟಾದ ಮೇಲೆ ನೀನೇ ಅದನ್ನು ಹೇಳಿದೆ. ನಿನ್ನ ಭಾವ ನನ್ನ ಕಡೆ ತಿರುಗಿ, "ನಮ್ಮನೆ ಕತ್ತರಿ ಇಟ್ಟ ಹಾಗೆ ಇಟ್ಟಿದೀಯಲ್ಲೇ! ಜಾಗವೇನೋ ಸರಿಯಾಗೇ ಇರುತ್ತೆ, ಸಿಗೋದು ಮಾತ್ರ ನಿನಗೊಬ್ಬಳಿಗೇ" ಅಂದರು. ಕತ್ತರಿಯ ಮಾತು ಬಂದದ್ದಕ್ಕೋ ಏನೋ, ದರ್ಜಿ ಎಲ್ಲರಿಗಿಂತ ಜೋರಾಗಿ ನಕ್ಕರು.

ನನಗೆ ಹೊಟ್ಟೆ ಉರಿದದ್ದು ಮೆನುವಿಗಲ್ಲ ಕಣೇ. ಇಷ್ಟು ವರ್ಷ ನಾನು ಪರದೆಯ ಮುಂದೆ ಕೂತಿದ್ದಾಗ ನಿನ್ನ ಭಾವ ಒಂದು ದಿನವೂ ಬಗ್ಗಿ ನೋಡಿದವರಲ್ಲ. ನಿನ್ನ ಚೀಟಿಗಳ ಮುಂದೆ ಕಾಫಿ ಆರಿಹೋದದ್ದೂ ತಿಳಿಯದೆ ಕೂತರು. ನೀನು ಹೊರಟಾಗ "ಮತ್ತೆ ಯಾವಾಗ?" ಎಂದು ಬೇರೆ ಕೇಳಿದರು. ಕರೆದರೆ ಬರುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ನಿನಗೆ ಅಷ್ಟು ಸುಲಭವಾಗಿ ಹೊಳೆಯಿತಲ್ಲ, ಅದು ನನ್ನ ಉರಿ.

ತಂತ್ರಾಂಶದ ಗುಂಪಿನಲ್ಲಿ ನಮ್ಮೆಲ್ಲರ ಕೆಲಸ ತಿದ್ದುವ ಮೇಷ್ಟ್ರು, "ಹಳೇ ಮೆನು ಅವರದು, ಅವರು ಒಪ್ಪಿದ್ರೇನೇ ಬದಲಾಯಿಸೋದು" ಎಂದುಬಿಟ್ಟರು. ಅಂದಿನಿಂದ, ಆ ಚೀಟಿಗಳ ಗುಂಪಿನಂತೆ ನೀನು ಕಟ್ಟಿದ ಮೆನುವಿನಲ್ಲಿ ತಪ್ಪು ಹುಡುಕುತ್ತಿದ್ದೇನೆ. ಸಣ್ಣ ಫೋನಿನಲ್ಲಿ ತೆರೆದೆ, ಹಳೆಯ ಕಂಪ್ಯೂಟರಿನಲ್ಲಿ ತೆರೆದೆ, ಮೌಸ್ ಬಿಟ್ಟು ಕೀಲಿಮಣೆಯಿಂದಲೇ ಓಡಾಡಿದೆ. 'ಶುರು ಮಾಡಿ', 'ಪುಸ್ತಕ ಸೇರಿಸಿ', 'ಎರವಲು ಕೊಡಿ', 'ತೊಂದರೆಯಾಯಿತೇ?' ಎಂಬ ನಿನ್ನ ಶೀರ್ಷಿಕೆಗಳಲ್ಲಿ ಎಲ್ಲಿಯೂ ಎಡವಲಿಲ್ಲ. ನಾನೇ ಬರೆದ ಪುಟಗಳು ನನಗೇ ಮೊದಲಿಗಿಂತ ಬೇಗ ಸಿಕ್ಕವು. ಅದಕ್ಕಿಂತ ಅವಮಾನ ಬೇಕೇ?

ಇವತ್ತು ಬೆಳಿಗ್ಗೆ ಒಪ್ಪಿಗೆಯ ಗುಂಡಿ ಒತ್ತಿದೆ. ಸಂತೋಷದಿಂದಲ್ಲ. ಆದರೆ ಒತ್ತಿದ ಮೇಲೆ ಒಂದು ವಿಷಯ ಹೊಳೆಯಿತು. ಇನ್ನು ಆ ಮೆನುವನ್ನು ಕಟ್ಟಿದವಳು ನೀನು, ನಾನಲ್ಲ. ಮುಂದೊಂದು ದಿನ ಅದೂ ಹಳತಾಗುತ್ತದೆ. ಆಗ ಚೀಟಿ ಹರಡಿದರೆ, ನಿಯಮದ ಪ್ರಕಾರ ನೀನು ಮುಟ್ಟುವಂತಿಲ್ಲ. ನಿನ್ನ ಭಾವನ ಪಕ್ಕದ ಕುರ್ಚಿಯಲ್ಲಿ ನಾನು ಕೂರುತ್ತೇನೆ, 'ಬ್ಯಾಕಪ್' ಎಲ್ಲಿಡಬೇಕೆಂದು ಅವರೊಡನೆ ಜಗಳವಾಡುತ್ತೇನೆ, ನನ್ನ ಕಾಫಿಯೂ ಆರಲಿ. ನೀನು ಅಡುಗೆಮನೆ ಬಾಗಿಲಿಗೆ ಒರಗಿಕೊ. ಎಡಗಡೆ ಚಿಲಕ ಬೆನ್ನಿಗೆ ಒತ್ತುತ್ತದೆ, ಬಲಗಡೆ ನಿಲ್ಲು.

ನೀನು ಇಟ್ಟದ್ದೆಲ್ಲ ಎಲ್ಲರ ಕೈಗೂ ಸಿಗುತ್ತಿರಲಿ. ಒಳ್ಳೆಯದಾಗಲಿ ನಿನಗೆ.

ಇನ್ನೂ ತಣ್ಣಗಾಗದ,
ನಿನ್ನ ಅಕ್ಕ