ಮ್ಯಾಟಿನ ಕೆಳಗಿನ ಮಣ್ಣು

ಬಾಡಗಂಡಿ
ಬುಧವಾರ, 2004

ಜಮಖಂಡಿಯ ನಾಮದೇವ ಕಾಕಾ ಅವರಿಗೆ ಮಹಾಲಿಂಗನ ನಮಸ್ಕಾರ.

ಅಜ್ಜ ತೀರಿಕೊಂಡ ಮೇಲೆ ನಿಂತೇ ಇದ್ದ ಅವನ ಅಂಬಾಸಿಡರ್ ಕಾರನ್ನು ರಿಪೇರಿಗೆಂದು ನಿಮ್ಮ ಗ್ಯಾರೇಜಿನಲ್ಲಿ ಬಿಟ್ಟೆನಲ್ಲ, ಅದರ ಸಲುವಾಗಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಫೋನ್ ಮಾಡಿದ್ದೆ. ಕಾಕಿ ಎತ್ತಿದರು. ಅವರಿಗೆ ಇದನ್ನೆಲ್ಲ ಹೇಗೆ ಹೇಳುವುದೆಂದು ಇಟ್ಟುಬಿಟ್ಟೆ. ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ತಂದುಕೊಡುತ್ತಾರೆ.

ಒಳಗಿನ ಮಣ್ಣೆಲ್ಲ ತೊಳೆದುಬಿಡಿರಿ ಎಂದು ನಾನೇ ಹೇಳಿ ಬಂದಿದ್ದೆ. ದಯವಿಟ್ಟು ತೊಳೆಯಬೇಡಿರಿ. ಅದು ಕಸವಲ್ಲವೆಂದು ನಮ್ಮ ಅಜ್ಜಿ ಸಾತವ್ವ ನಿನ್ನೆ ಹೇಳಿದಳು. ನಮ್ಮ ಹಳೆಯ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗುವ ಮೊದಲು, ಅವಳು ಬೀರೇಶ್ವರನ ಗುಡಿಯ ಮುಂದಿನ ಮಣ್ಣಿಗೆ ಭಂಡಾರದ ಅರಿಶಿನ ಬೆರೆಸಿ, ಕಾರಿನ ಹಿಂದಿನ ಸೀಟಿನ ಮುಂದೆ ಮ್ಯಾಟಿನ ಕೆಳಗೆ ಹರವಿದ್ದಳಂತೆ. ಕಾರು ಹತ್ತುವಾಗ ಅವಳು ಚಪ್ಪಲಿ ಯಾಕೆ ಬಿಡುತ್ತಿದ್ದಳೆಂದು ಈಗ ತಿಳಿಯಿತು.

"ಭಾಳ ಶಾಣ್ಯಾ ಆಗೀಪಾ. ಆ ಮಣ್ಣ ಹೋತಂದ್ರ ನಾ ಎಲ್ಲಿ ಕಾಲ ಊರಲಿ?" ಎಂದಳು. ಆಗಿನಿಂದ ರೊಟ್ಟಿ ಮುಟ್ಟಿಲ್ಲ.

ತಳದ ತಗಡಿಗೆ ಬೆಸುಗೆ ಹಾಕುವುದಿದ್ದರೆ ಮಣ್ಣನ್ನು ಡಬ್ಬಿಯಲ್ಲಿ ತೆಗೆದಿಟ್ಟು, ಆಮೇಲೆ ಮತ್ತೆ ಹರವಿರಿ. ಈಗಾಗಲೇ ತೊಳೆದಿದ್ದರೆ, ಆ ನೀರು ಇಂಗಿದ ಜಾಗದ ಮಣ್ಣನ್ನೇ ಕೆದರಿ ತುಂಬಿರಿ. ಅದಕ್ಕೆ ಬೆರೆಸಲು ಇದರ ಜೊತೆ ಭಂಡಾರದ ಅರಿಶಿನದ ಪೊಟ್ಟಣ ಕಳಿಸಿದ್ದೇನೆ.

ಭಾನುವಾರ ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆ. ಅವಳ ಮುಂದೆ ಏನೂ ಹೇಳಬೇಡಿರಿ. ಯಾವ ಮಣ್ಣೆಂದು ನನಗೂ ಹೇಳಬೇಡಿರಿ. ನಾನೂ ಚಪ್ಪಲಿ ಬಿಟ್ಟೇ ಹತ್ತುತ್ತೇನೆ.

ನಿಮ್ಮವನೇ ಆದ
ಮಹಾಲಿಂಗ