ಒಳ್ಳೆಣ್ಣಿ ಯಾವ ಕಾಳಿಂದು?

ಕುಷ್ಟಗಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಶೈಲಜಾ,

ಬೆನ್ನುನೋವು ಹೇಗಿದೆ? ಹಾಸ್ಟೆಲಿನ ರೊಟ್ಟಿ ಹರಿಯಲು ಬರುವುದಿಲ್ಲ ಎಂದಿದ್ದೆಯಲ್ಲ, ಮೆತ್ತಗಿನವು ಕಟ್ಟಿ ಕಳಿಸಿದ್ದೇನೆ. ಗೆಳತಿಯರಿಗೆಲ್ಲ ಹಂಚಿ ನೀನು ಉಪವಾಸ ಕೂರಬೇಡ. ನಾವೆಲ್ಲ ಆರಾಮ. ಫೋನ್ ಬಿಟ್ಟು ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು ಅಳಲು ಶುರುಮಾಡುತ್ತೀ. "ಅತ್ತೀ, ತುಂಗಾಗ ಹೊರಗ ಯಾರರ ಎಳ್ಳು ತಿನ್ನಿಸಿದ್ರ ಏನ್ ಗತಿ? ನರ್ಸಿಂಗ್ ಬಿಟ್ಟು ಬಂದಬಿಡ್ತೀನಿ" ಎಂದು ಮೊನ್ನೆಯೂ ಅಂದೆ. ಇದನ್ನು ಪೂರ್ತಿ ಓದು, ಆಮೇಲೆ ಅಳುವುದಿದ್ದರೆ ಅಳು.

ನಿನ್ನೆ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದರೆ ನಿನ್ನ ಮಗಳು ತುಂಗಾಗೆ ಹೊಸ ಬಟ್ಟೆ ಬೇಡ, ಸುಶಿ ಎನ್ನುವ ಜಪಾನಿನ ಅನ್ನದ ಸುರುಳಿ ಬೇಕಂತೆ! ಆನೆಗೊಂದಿಯ ಹತ್ತಿರ ಪ್ರವಾಸಿಗರು ಬರುವ ಹೋಟೆಲಿನಲ್ಲಿ ಸಿಗುತ್ತದಂತೆ. ಅದರ ಮೇಲೆ ಎಳ್ಳು ಉದುರಿಸುತ್ತಾರೆ ಎಂದು ನಿನ್ನ ಗಂಡ ರುದ್ರೇಶ ಹೇಳಿದ್ದೇ ತಡ, ನಾನು ಸುತರಾಂ ಬೇಡವೆಂದೆ. ಆ ಸಂಕ್ರಾಂತಿಯಲ್ಲಿ ಅವಳು ಚಿಟಿಕೆ ಕುಸುರೆಳ್ಳು ತಿಂದು ತುಟಿ ಊದಿ, ಉಸಿರು ಸಿಕ್ಕದೆ ಒದ್ದಾಡಿದ್ದನ್ನು ಮರೆಯುವುದುಂಟೆ? ಆದರೆ ಅವಳು ಮುಖ ಸಣ್ಣದು ಮಾಡಿಕೊಂಡು "ನಾ ಯಾವತ್ತೂ ಹೊರಗ ಉಣ್ಣೂದ ಇಲ್ಲೇನ ಅಜ್ಜಿ?" ಎಂದಾಗ ನಾನೇ ಸೋತೆ. ಡಾಕ್ಟರು ಕೊಟ್ಟ ಚುಚ್ಚುಮದ್ದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು.

ಕೂರುವ ಮೊದಲೇ ಅಡುಗೆಯವನನ್ನು ಕರೆಸಿ ಎಲ್ಲ ಹೇಳಿದೆ. ಜಿಲಾನಿ ಅಂತ, ಒಳ್ಳೆಯ ಮಾತಿನ ಮನುಷ್ಯ. "ಎಳ್ಳು ಮುಟ್ಟೂದಿಲ್ರಿ ಅಮ್ಮಾರ. ಅನ್ನಕ್ಕ ಎರಡ ಹನಿ ಒಳ್ಳೆಣ್ಣಿ ಹಾಕ್ತೀನಿ, ಅಷ್ಟ" ಎಂದ. ನಮ್ಮ ಮನೆಯಲ್ಲಿ ಒಳ್ಳೆಣ್ಣಿ ಎಂದರೆ ಶೇಂಗಾ ಎಣ್ಣೆ ತಾನೇ! "ಹಾಕಪ್ಪ, ಧಾರಾಳ ಹಾಕು" ಎಂದುಬಿಟ್ಟೆ.

ತುಂಗಾ ಬಿಡಲಿಲ್ಲ. "ಅಂಕಲ್, ನಿಮ್ಮ ಒಳ್ಳೆಣ್ಣಿ ಯಾವ ಕಾಳಿಂದ್ರಿ? ಬಾಟ್ಲಿ ತೋರಿಸ್ರಿ" ಎಂದಳು. ಅವನು ಬಾಟ್ಲಿ ತಂದ. "ಎಳ್ಳಿಂದವಾ. ನಮ್ಮ ಮನ್ಯಾಗ ಒಳ್ಳೆಣ್ಣಿ ಅಂದ್ರ ಇದ" ಎಂದವನ ಮುಖ ಅಲ್ಲೇ ಬಿಳುಚಿತು. ಅಯ್ಯೋ ಶಿವನೇ! ಏಳು, ಮನೆಗೆ ಹೋಗೋಣ ಎಂದೆ. ಅವಳು ನನ್ನ ಕೈ ಹಿಡಿದು ಕೂರಿಸಿ, "ಎಣ್ಣಿ ಬ್ಯಾಡ್ರಿ ಅಂಕಲ್. ಎಳ್ಳು ತಾಗಿದ ಚಾಕು, ಅನ್ನ ಸುತ್ತೋ ಚಾಪಿನೂ ಬ್ಯಾಡ್ರಿ. ಬ್ಯಾರೆ ಅದಾವೇನ್ರಿ?" ಎಂದಳು. "ಅದಾವ. ಅನ್ನನೂ ಬ್ಯಾರೆ ಮಾಡ್ತೀನವಾ, ಹೊತ್ತಾಗತೈತಿ." "ಕಾಯ್ತೀನ್ರಿ."

ಕಾದೆವು. ಜಿಲಾನಿ ಸೋಪು ಹಚ್ಚಿ ಕೈ ತೊಳೆದು, ಹೊಸ ಚಾಪೆ ಬಿಚ್ಚಿ, ಸೌತೆಕಾಯಿ ಗಜ್ಜರಿ ಇಟ್ಟು ನಮ್ಮ ಕಣ್ಣೆದುರೇ ಸುತ್ತಿದ. ಸಾಸಿನ ಬಾಟ್ಲಿಯನ್ನೂ ಇವಳು ತಿರುಗಿಸಿ ಓದಿದಳು. ಮೊದಲ ತುಂಡು ಬಾಯಿಗಿಟ್ಟಾಗ ನಾನು ಅವಳ ತುಟಿಯನ್ನೇ ನೋಡುತ್ತ ಕೂತೆ. ಊದಲಿಲ್ಲ. ಕೆಮ್ಮಲಿಲ್ಲ. ಇಷ್ಟಗಲ ನಕ್ಕಳು ನೋಡು! ನನಗಂತೂ ಹುಳಿ ಅನ್ನವನ್ನು ಕಪ್ಪು ಹಾಳೆಯಲ್ಲಿ ಸುತ್ತಿಕೊಟ್ಟಂತಿತ್ತು. ನಿನ್ನ ಗಂಡ ಶೇಂಗಾ ಚಟ್ನಿ ಐತೇನ್ರಿ ಎಂದು ಕೇಳಿ ಮರ್ಯಾದೆ ಕಳೆದ.

ಕಾಳು ಕೇಳುವ ಬುದ್ಧಿ ಎಲ್ಲಿಂದ ಬಂತೆಂದು ದಾರಿಯಲ್ಲಿ ಕೇಳಿದೆ. "ಮಮ್ಮಿ ಹೇಳ್ಯಾಳ. ಹೆಸರು ಕೇಳಿ ಸುಮ್ಮನಾಗಬ್ಯಾಡ, ಕಾಳು ಕೇಳು ಅಂತ" ಎಂದಳು. ಕಣ್ಣು ತುಂಬಿ ಬಂತು ಶೈಲಜಾ. ಅತ್ತೆಯೇ ಅತ್ತಳು ಎಂದು ನಿನ್ನ ಗೆಳತಿಯರಿಗೆ ಹೇಳಿ ನಗಬೇಡ.

ಹೊಟ್ಟೆತುಂಬ ಉಣ್ಣು, ನಿದ್ದೆಗೆಡಬೇಡ. ಮುಟ್ಟಿದ್ದೆಲ್ಲ ಒಳ್ಳೆಯದಾಗಲಿ ನಿನಗೆ.

ನಿನ್ನ ಅತ್ತೆ,
ವಿರೂಪಾಕ್ಷಮ್ಮ

ತಾ.ಕ.: ನರ್ಸಿಂಗ್ ಬಿಡುವ ಮಾತು ಇನ್ನು ಎತ್ತಬೇಡ, ಪಾಸಾಗಿಯೇ ಬಾ. ಇಲ್ಲಿಯದರ ಬಗ್ಗೆ 'ಎಳ್ಳಷ್ಟೂ ಚಿಂತೆ ಬೇಡ' ಎಂದು ಬರೆದಿದ್ದೆ. ಹೆಗಲ ಮೇಲಿಂದ ಇಣುಕಿದ ನಿನ್ನ ಮಗಳು ಹೊಡೆದುಹಾಕಿಸಿದಳು: "ಎಳ್ಳು ಯಾಕ ಅಜ್ಜಿ? ಸಾಸಿವಿಯಷ್ಟೂ ಅಂತ ಬರಿ." ಸಾಸಿವೆಯಷ್ಟೂ ಚಿಂತೆ ಬೇಡ.