ಕಪ್ತಾನ ತಿರುಗಿ ಬಂದ ಅಧ್ಯಾಯ

ತಳಕಲ್, ೧೯೪೧

ನಿಮಗ ಶರಣು.

ಪ್ಲೇಗಿನಾಗ ನೀವು ಹೋದ ಮ್ಯಾಲೆ ಮುಚ್ಚಿಟ್ಟಿದ್ದ ಕನ್ನಡಕ್ಕ ತಂದ ಆ ವಿಲಾಯತಿ ಕಾದಂಬರೀನ ಇವತ್ತು ತೆಗದೆ. ನೀವು ಓದತಿದ್ದ ಕಟ್ಟೀ ಮ್ಯಾಲೆ ಕುಂತು, ನೀವು ಕಲಿಸಿದ ಅಕ್ಷರದಾಗ, ಓಣಿ ಹೆಂಗಸರಿಗೆ ಕೊನೀ ಅಧ್ಯಾಯ ಓದಿದೆ. ಪಚ್ಚೆ ಹಾರ ಕದ್ದಾಕಿ ನಾಯಕಿಯ ಮಲತಾಯಿನ, ನೀವು ಓದಿದ್ಹಂಗ. ಆದ್ರ ಆ ಅಪವಾದ ಹೊತ್ತು ಹಡಗು ಹತ್ತಿದ ಕಪ್ತಾನ ಪುಸ್ತಕದಾಗ ತಿರುಗಿ ಬರೂದ ಇಲ್ಲ; ನೀವು ಓದಿದಾಗ ಬಂದು ನಾಯಕಿ ಜೋಡಿ ಲಗ್ನಾಗಿದ್ದ.

"ಕಳ್ಳಿ ಸಿಕ್ಕರೂ ಅಂವ ಬರಲಿಲ್ಲಂದ್ರ, ಹಿಡದು ಏನು ಬಂತು?" ಅಂದ್ಲು ಬಸವಣ್ಣೆಮ್ಮ.

"ಛಾಪಖಾನಿಯವರು ತಪ್ಪು ಮಾಡ್ಯಾರ," ಅಂದ್ಲು ಮುದುಕಮ್ಮ. "ನಿನ್ನ ಗಂಡ ಓದಿದ್ದ ಖರೆ. ಅಂವ ಓದಿದ್ಹಂಗ ಓದು."

ಹಾಳಿ ನೋಡಿಕೋತ, ಕಪ್ತಾನ ಬಂದ, ಲಗ್ನಾತು ಅಂತ ಓದಿದೆ. ಎಲ್ಲಾರೂ ಸಮಾಧಾನದಿಂದ ಮನಿಗೆ ಹೋದ್ರು.

ಅದನ್ನ ಓದುಮುಂದ ನಿಮ್ಮ ದನಿ ನಡುಗಿರಲಿಲ್ಲ. ಇವತ್ತು ನಂದೂ ನಡುಗಲಿಲ್ಲ.